ನೆಟ್ಟಗೆ ಈಜುವವು

"ಅರವತ್ತೆಂಟು!" ಅಂದರು ನಿರ್ದೇಶಕರು. ಪರದೆಯ ಮೇಲಿನ ಅಂಕಿಯನ್ನು ತಾವೇ ಹೆತ್ತು ಸಾಕಿದವರ ಹಾಗೆ ನೋಡಿದರು. "ನೂರಕ್ಕೆ ಅರವತ್ತೆಂಟು ಚುರುಕಾಗಿವೆ. ಪಾಸಾಗೋಕೆ ನಲವತ್ತು ಸಾಕು. ಒಟ್ಟಾರೆ ಹೇಳೋದಾದ್ರೆ, ಭೂಪ ಭೂಪನೇ. ಹಾಕಿ ಸಹಿ."

ಕಣ್ಣಕ್ಕ ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

"ಈಗಷ್ಟೇ ಪಕ್ಕದ ಕೋಣೆಯ ಹಳೇ ಸೂಕ್ಷ್ಮದರ್ಶಕದಲ್ಲಿ ನೋಡಿ ಬಂದೆ ಸರ್. ಇಪ್ಪತ್ತೂ ಇಲ್ಲ."

"ಅದಕ್ಕೆ ಮುಸುಕು ಹಾಕಿಸಿದ್ದೆನಲ್ಲ?"

"ತೆಗೆದೆ."

"ನೋಡಿ, ನಿಮ್ಮ ಕಣ್ಣಿಗೆ ಐವತ್ತಮೂರು ವರ್ಷ. ಈ ಯಂತ್ರಕ್ಕೆ ನಾಲ್ಕು ತಿಂಗಳು."

"ನಾಲ್ಕು ತಿಂಗಳ ಕೂಸು ಹೇಳ್ತು ಅಂತ ಯಾರಾದ್ರೂ ಸಹಿ ಹಾಕ್ತಾರಾ ಸರ್?"

ನಿರ್ದೇಶಕರು ನಗಲಿಲ್ಲ. ಮೇಜಿನ ಮೇಲಿದ್ದ ಕೆಂಪು-ನೀಲಿ ಪೆನ್ಸಿಲ್ಲು ಅಷ್ಟರಲ್ಲಿ ತನ್ನಷ್ಟಕ್ಕೆ ತಾನು ಉರುಳಿ, ಕಿಟಕಿಯ ಕಡೆಯ ಅಂಚಿನಿಂದ ನೆಲಕ್ಕೆ ಬಿತ್ತು. ಈ ಕೋಣೆಗೆ ಬಂದಾಗಿನಿಂದ ಅದರದು ಇದೇ ಚಾಳಿ. ಕಣ್ಣಕ್ಕ ಬಗ್ಗಿ ಎತ್ತಿ ತುರುಬಿಗೆ ಸಿಕ್ಕಿಸಿಕೊಂಡಳು. ಆ ದಿನ ಪರೀಕ್ಷೆಗೆಂದು ಹೊರಗೆ ತೆಗೆದ ಎರಡು ಸ್ಟ್ರಾಗಳಲ್ಲಿ ಒಂದನ್ನು ಕತ್ತರಿಸಿ ನೋಡಿಯಾಗಿತ್ತು. ಉಳಿದ ಇನ್ನೊಂದನ್ನು, ಕಡ್ಡಿಯಷ್ಟು ಸಪೂರದ ಆ ಗುಲಾಬಿ ಕೊಳವೆಯನ್ನು, ಬಿಳಿ ಕೋಟಿನ ಜೇಬಿಗೆ ಇಳಿಬಿಟ್ಟಳು. ಯಾಕೆಂದು ಅವಳಿಗೂ ಆಗ ಗೊತ್ತಿರಲಿಲ್ಲ. ರಿಜಿಸ್ಟರನ್ನು ಮುಚ್ಚಿ ನಿರ್ದೇಶಕರ ಕಡೆಗೇ ಸರಿಸಿದಳು.

"ಗುರುವಾರ ತಪಾಸಣೆಯವರು ಬರ್ತಾರೆ," ಅಂದರು ಅವರು. "ಅಷ್ಟರೊಳಗೆ ಸಹಿ ಆಗಿರ್ಬೇಕು. ಇಲ್ಲಾಂದ್ರೆ ಮೇವಿನ ಉಗ್ರಾಣದಲ್ಲಿ ಒಂದು ಕುರ್ಚಿ ಖಾಲಿ ಇದೆ. ಅಲ್ಲಿ ಕಣ್ಣಿನ ಕೆಲಸ ಕಮ್ಮಿ, ಸೀನಿನ ಕೆಲಸ ಜಾಸ್ತಿ."

ಅದು ಹೋರಿಗಳ ಕೇಂದ್ರ. ಇಪ್ಪತ್ತಮೂರು ಹೋರಿಗಳಿದ್ದವು, ಅವುಗಳಲ್ಲಿ ಹೆಸರುವಾಸಿ ಭೂಪ. ಬೆಳಗ್ಗೆ ಒಂದೊಂದನ್ನೇ ಅಂಗಳಕ್ಕೆ ಕರೆತಂದು, ಕಂಬಗಳ ನಡುವೆ ಕಟ್ಟಿದ ಸಾಧು ಎತ್ತಿನ ಮೇಲೆ ಹತ್ತಿಸುತ್ತಿದ್ದರು. ಬಿಸಿನೀರು ತುಂಬಿದ ರಬ್ಬರ್ ಕೊಳವೆಯಲ್ಲಿ ವೀರ್ಯ ಹಿಡಿದು, ಗೋಡೆಯ ಪುಟ್ಟ ಕಿಂಡಿಯಿಂದ ಒಳಗೆ ಕೊಡುತ್ತಿದ್ದರು. ಒಳಗೆ ಅದನ್ನು ತೆಳುವಾಗಿಸಿ, ಸ್ಟ್ರಾಗಳಿಗೆ ತುಂಬಿ, ಹೊಗೆಯಾಡುವ ನೈಟ್ರೋಜನ್ನಿನ ಕ್ಯಾನುಗಳಲ್ಲಿ ಮುಳುಗಿಸಿಡುತ್ತಿದ್ದರು. ಮಾರನೆಯ ದಿನ ಎರಡು ಸ್ಟ್ರಾ ತೆಗೆದು, ಮೈಬಿಸಿಯಷ್ಟು ಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ನೂರಕ್ಕೆ ಎಷ್ಟು ವೀರ್ಯಾಣು ಎಚ್ಚರಗೊಂಡು ಈಜುತ್ತಿವೆ ಎಂದು ನೋಡಬೇಕು. ನಲವತ್ತಕ್ಕಿಂತ ಕಡಿಮೆಯಾದರೆ ಆ ದಿನದ್ದಷ್ಟೂ ಚರಂಡಿಗೆ. ಇಪ್ಪತ್ತೇಳು ವರ್ಷ ಈ ತೀರ್ಪು ಕೊಟ್ಟದ್ದು ಒಬ್ಬಳ ಕಣ್ಣು. ಅವಳನ್ನು ಕಣ್ಣಕ್ಕ ಅನ್ನದೆ ಇನ್ನೇನು ಮೂಗಕ್ಕ ಅನ್ನುತ್ತಾರೆಯೇ?

ನಾಲ್ಕು ತಿಂಗಳ ಹಿಂದೆ ಯಂತ್ರ ಬಂತು. ಅದಕ್ಕೆ ತಂಪು ಕೋಣೆಯೇ ಆಗಬೇಕು, ಧೂಳು ಆಗದು, ಅದು ಹೇಳಿದ್ದಕ್ಕೆ ಎದುರಾಡುವಂತಿಲ್ಲ. ಒಂದೇ ವಾರದಲ್ಲಿ ಅದಕ್ಕೆ 'ಅಳಿಯ' ಎಂದು ಹೆಸರು ಬಿತ್ತು. ರಬ್ಬರ್ ಕೊಳವೆಗಳನ್ನು ತೊಳೆಯುತ್ತಿದ್ದ ಮೂಲೆಕೋಣೆಗೆ ದೊಡ್ಡ ಗಾಜಿನ ಕಿಟಕಿಯಿತ್ತು. ನೋಡಲು ಬಂದವರಿಗೆ ಹೊರಗಿನಿಂದಲೇ ಕಾಣಲಿ ಎಂದು ನಿರ್ದೇಶಕರು ಅಲ್ಲಿಗೆ ಸುಣ್ಣಬಣ್ಣ ಮಾಡಿಸಿ ಅಳಿಯನನ್ನು ಕೂರಿಸಿದರು. ಕಣ್ಣಕ್ಕನ ಕೆಲಸ ಗಾಜಿನ ಪಟ್ಟಿಗೆ ಒಂದು ಹನಿ ಹಾಕುವುದು, ಅಳಿಯನ ಬಾಯಿಗಿಡುವುದು, ಅವನು 'ಟಿಂಯ್' ಎಂದು ಕೊಟ್ಟ ಅಂಕಿ ಬರೆದು ಸಹಿ ಹಾಕುವುದು, ಇಷ್ಟಕ್ಕೆ ಇಳಿಯಿತು. ಅವಳಿಗೂ ಒಳಗೊಳಗೆ ಸಮಾಧಾನವೇ ಆಗಿತ್ತು. ಸಂಜೆಯ ತಲೆನೋವು ಹೋಗಿತ್ತು. ನಾಲ್ಕು ತಿಂಗಳು ಕಣ್ಣು ಮುಚ್ಚಿಕೊಂಡು ಸಹಿ ಹಾಕಿದ್ದಳು.

ಕಣ್ಣು ತೆರೆಸಿದವಳು ಹಾಲಿನವಳು. ಇವಳ ಮನೆಗೂ ಅಕ್ಕಪಕ್ಕದ ಎಂಟು ಮನೆಗೂ ಹಾಲು ಹಾಕುವವಳು, ಒಂದೇ ಹಸುವಿನ ಒಡತಿ. ಆ ಬೆಳಗ್ಗೆ ಅವಳು ಹಾಲಿನ ಪಾತ್ರೆಯ ಬದಲು ಒಂದು ಬಟ್ಟೆಯ ಗಂಟು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಇವತ್ತಿಂದ ಹಾಲಿಲ್ಲ ಅಕ್ಕ. ಹಸು ಬತ್ತೋಯ್ತು. ಮೂರು ಸಲ ಬೆದೆಗೆ ಬಂತು, ಮೂರು ಸಲ ಹಾಕಿಸ್ದೆ, ಒಂದೂ ನಿಲ್ಲಲಿಲ್ಲ. ಸೂಜಿ ಹಾಕೋ ಅಣ್ಣ ಹೇಳ್ತಾನೆ, ಹಸು ಬಂಜೆ, ಮಾರಿಬಿಡು ಅಂತ. ಕಟುಕರು ಶನಿವಾರ ಬಂದು ನೋಡ್ಕೊಂಡು ಹೋಗ್ತಾರಂತೆ." ಗಂಟು ಬಿಚ್ಚಿದಳು. ಒಳಗೆ ಮೂರು ಖಾಲಿ ಸ್ಟ್ರಾಗಳು, ತೊಳೆದು ಒರೆಸಿ ಇಟ್ಟವು. "ಇದರ ಮೇಲೆ ಏನೋ ಬರೆದಿದೆ. ನೀವು ಅಲ್ಲೇ ಕೆಲಸ ಮಾಡೋರಲ್ವಾ, ನನ್ನ ಹಸೂಗೆ ಏನು ಹಾಕಿದಾರೆ ಅಂತ ಓದಿ ಹೇಳಿ. ಬೈಯೋದಾದ್ರೆ ಯಾರನ್ನ ಬೈಬೇಕು ಅನ್ನೋದಾದ್ರೂ ಗೊತ್ತಾಗ್ಲಿ."

ಮೂರರ ಮೇಲೂ ಭೂಪನ ಸಂಖ್ಯೆ. ಮೂರೂ ತಾರೀಕು ಅಳಿಯ ಬಂದ ಮೇಲಿನವು. ಮೂರಕ್ಕೂ ಸಹಿ ಯಾರದೆಂದು ಕಣ್ಣಕ್ಕನಿಗೆ ಓದಿ ತಿಳಿಯಬೇಕಾಗಿರಲಿಲ್ಲ.

"ಶನಿವಾರದ ತನಕ ಬೈಬೇಡ," ಅಂದಿದ್ದಳು. "ಮಾರಲೂಬೇಡ."

ಆ ದಿನ ಅವಳು ಕುಡಿದದ್ದು ಕಪ್ಪು ಚಹಾ. ಕುಡಿದವಳೇ ಕೇಂದ್ರಕ್ಕೆ ಹೋಗಿ ಹಳೆಯ ಸೂಕ್ಷ್ಮದರ್ಶಕದ ಮುಸುಕು ತೆಗೆದಳು.

*

ಕಣ್ಣಕ್ಕನ ಮನೆಯೂ ಮೈದುನನ ಮನೆಯೂ ಒಂದೇ ಗೋಡೆಯ ಎರಡು ಮಗ್ಗುಲು. ನಲ್ಲಿ ಒಂದೇ, ಜಗಳವೂ ಒಂದೇ. ಮೈದುನ ಕೇಂದ್ರದಲ್ಲಿ ಹೋರಿ ಹಿಡಿಯುವವನು. ಎಲ್ಲರೂ ಅವನನ್ನು ಮೂಗುದಾರ ಎಂದೇ ಕರೆಯುತ್ತಿದ್ದರು. ಎಂಟುನೂರು ಕಿಲೋ ತೂಗುವ ಪ್ರಾಣಿಯ ಮೂಗಿಗೆ ದಾರ ಹಾಕಬಲ್ಲ ಅವನಿಗೆ ತನ್ನ ನಾಲಿಗೆಗೆ ದಾರ ಹಾಕಲು ಬರುತ್ತಿರಲಿಲ್ಲ. ನಿರ್ದೇಶಕರು, ಹಾಲಿನವಳು, ಅಳಿಯ, ಯಾರ ದನಿ ಬೇಕಾದರೂ ತೆಗೆಯುತ್ತಿದ್ದ. ನಲ್ಲಿಯ ಹತ್ತಿರ ಕೈಕಾಲು ತೊಳೆಯುತ್ತ, ಆ ಸಂಜೆಯೂ ಶುರುಮಾಡಿದ.

"ಒಟ್ಟಾರೆ ಹೇಳೋದಾದ್ರೆ," ಎಂದು ಹೊಟ್ಟೆ ಮುಂದೆ ತಂದು, ಗಂಟಲಲ್ಲಿ ನಿರ್ದೇಶಕರನ್ನು ಕರೆಸಿಕೊಂಡ. "ಭೂಪನ ಒಂದು ಲಕ್ಷನೇ ಸ್ಟ್ರಾ ಗುರುವಾರ! ತಪಾಸಣೆಯವರ ಎದುರಿಗೇ! ಬ್ಯಾನರ್ ಬರೆಸಿದೀನಿ! ಅಳಿಯಂದಿರೇ, ತಾವೇನಂತೀರಿ?" ಮೂಗಿನಿಂದ, "ಟಿಂಯ್! ಪಾಸು!"

ಜಗುಲಿಯ ಮೇಲೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಕಣ್ಣಕ್ಕನ ಗಂಡ ನಕ್ಕ. ಕಣ್ಣಕ್ಕ ನಗಲಿಲ್ಲ.

"ನಾನು ಭೂಪನ್ನ ಪಾಸು ಮಾಡಿಲ್ಲ."

ನೀರು ಸುರಿಯುತ್ತಲೇ ಇತ್ತು. ಮೂಗುದಾರನ ಮುಖದಲ್ಲಿ ನಿರ್ದೇಶಕರು ಇದ್ದ ಜಾಗಕ್ಕೆ ಅವನೇ ಮರಳಿ ಬಂದ.

"ತಮಾಷೆ ಮಾಡ್ಬೇಡಿ ಅತ್ತಿಗೆ."

"ತಮಾಷೆ ನಿನ್ನ ಇಲಾಖೆ."

"ಹೋರಿಗೆ ಪಿಂಚಣಿ ಇಲ್ಲ, ಗೊತ್ತಾ? ಫೇಲಾದ ಹೋರಿಗೆ ಬರೋದು ಲಾರಿ. ಕರು ಆಗಿದ್ದಾಗಿಂದ ಅವನು ನನ್ನ ಕೈಯಲ್ಲಿ ಬೆಳೆದೋನು. ನನ್ನ ಹೆಜ್ಜೆ ಸಪ್ಪಳ ಕೇಳಿದ್ರೆ ಕಿವಿ ಹೀಗೆ ಮಾಡ್ತಾನೆ." ಎರಡೂ ಅಂಗೈಗಳನ್ನು ತಲೆಯ ಪಕ್ಕದಲ್ಲಿ ಹಿಡಿದು ಮುಂದಕ್ಕೆ ಮಡಚಿದ. ಅದು ಅಣಕವಾಗಿರಲಿಲ್ಲ.

"ವಾರಕ್ಕೆ ಎಷ್ಟು ಸಲ ಹತ್ತಿಸ್ತಿದೀಯ ಅವನನ್ನ?"

"...ನಾಲ್ಕು."

"ಮೊದಲು?"

"ಎರಡು. ಆದ್ರೆ ಲಕ್ಷ ಆಗ್ಬೇಕಲ್ಲ."

"ಮೊದಲೆಲ್ಲ ಎರಡು ಸಲ ಸುಮ್ಮನೆ ಹತ್ತಿಸಿ ಇಳಿಸಿ, ಅಂಗಳ ಸುತ್ತು ಹಾಕಿಸಿ, ಆಮೇಲೆ ಮೂರನೇ ಸಲ ಹಿಡೀತಿದ್ದೆ. ಈಗ?"

"ಅಷ್ಟಕ್ಕೆಲ್ಲ ಹೊತ್ತೆಲ್ಲಿದೆ? ದೊಡ್ಡೋರು ಗಡಿಯಾರ ಹಿಡ್ಕೊಂಡು ನಿಂತಿರ್ತಾರೆ. ಆದ್ರೂ ಅಳಿಯ ಅರವತ್ತೆಂಟು ಅಂತಾನಲ್ಲ ಅತ್ತಿಗೆ! ಅವನಿಗೆ ದಣಿವಾಗಿದ್ರೆ ಅಂಕಿ ಇಳೀಬೇಕಿತ್ತು ತಾನೇ? ನಾನು ದಿನಾ ಕೇಳ್ತೀನಿ, ದಿನಾ ಅರವತ್ತರ ಮೇಲೇ. ಹಾಗಾದ್ರೆ ಭೂಪ ಚೆನ್ನಾಗಿದಾನೆ ಅಂತಲೇ ಅರ್ಥ." ಅವನ ದನಿ ಏರಿತು. "ನಿಮ್ಮ ಕಣ್ಣಿಗೆ ಪೊರೆ ಬಂದಿದೆಯೋ ಏನೋ. ಅದಕ್ಕೆ ನನ್ನ ಹೋರೀನ ಲಾರಿ ಹತ್ತಿಸ್ಬೇಡಿ!"

ಬಕೀಟು ಎತ್ತಿಕೊಂಡು ಹೋದ. ಗೋಡೆಯ ಆಚೆ ಪಾತ್ರೆಯೊಂದು ಬೇಕೆಂದೇ ಬಿದ್ದ ಸದ್ದಾಯಿತು.

ಗಂಡ ಅವಳ ಮುಖ ನೋಡಲಿಲ್ಲ. ಹಲ್ಲಲ್ಲಿ ಹಿಡಿದಿದ್ದ ದಾರ ಕಡಿದು, "ನನ್ನ ಹತ್ರ ಒಂದು ಟೇಪಿತ್ತು, ನೆನಪಿದೆಯಾ?" ಎಂದ. "ಆ ವರ್ಷ ಹೊಲಿದ ಅಂಗಿಯೆಲ್ಲ ಬಿಗಿ. ಗಿರಾಕಿಗಳು ನನ್ನ ಬೈದ್ರು, ನಾನು ಗಿರಾಕಿಗಳ ಹೊಟ್ಟೆನ ಬೈದೆ. ಕೊನೆಗೆ ನೋಡಿದ್ರೆ ಟೇಪೇ ಹಿಗ್ಗಿತ್ತು."

"ಹೌದು. ನಿಮ್ಮ ಟೇಪನ್ನ ಅಳೆಯೋಕೆ ನನ್ನ ಟೇಪು ಬೇಕಾಯ್ತು."

"ಹಾಂ. ಅಷ್ಟೇ ಹೇಳ್ತಿರೋದು. ನಿನ್ನ ಕಣ್ಣು ಹಿಗ್ಗಿದೆಯೋ ಅಳಿಯ ಹಿಗ್ಗಿದಾನೋ, ಮೂರನೇದೊಂದು ಟೇಪು ಹುಡುಕು."

*

ಮರುದಿನ ನಿರ್ದೇಶಕರು ಬ್ಯಾನರ್ ಕಟ್ಟಿಸಲು ಗೇಟಿನ ಹತ್ತಿರ ಹೋದ ಹೊತ್ತು ನೋಡಿ, ಕಣ್ಣಕ್ಕ ಭೂಪನ ಹೊಸ ಹನಿಯೊಂದನ್ನು ಅಳಿಯನ ಬಾಯಿಗಿಟ್ಟಳು. ನಾಲ್ಕು ತಿಂಗಳು ಅವಳು ನೋಡಿದ್ದು ಪರದೆಯ ಮೂಲೆಯ ಅಂಕಿಯನ್ನು ಮಾತ್ರ. ಇವತ್ತು ಅಂಕಿ ಮೂಡುವ ಜಾಗವನ್ನು ಅಂಗೈಯಿಂದ ಮುಚ್ಚಿ, ಉಳಿದದ್ದನ್ನು ನೋಡಿದಳು.

ಯಂತ್ರ ಪ್ರತಿಯೊಂದು ವೀರ್ಯಾಣುವಿನ ಹಿಂದೆಯೂ ಹಸಿರು ಗೆರೆ ಎಳೆಯುತ್ತಿತ್ತು, ಅದು ನಡೆದ ದಾರಿಯ ಗುರುತಾಗಿ. ಗೆರೆಗಳು ನೂರಾರು. ಒಂದೂ ಬಾಗಿರಲಿಲ್ಲ. ಸಾಲಾಗಿ ನಿಂತು ಪ್ರಾರ್ಥನೆ ಹೇಳುವ ಶಾಲೆಯ ಮಕ್ಕಳ ಹಾಗೆ ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿದ್ದವು.

ಇಪ್ಪತ್ತೇಳು ವರ್ಷ ನೋಡಿದ ಹನಿಗಳಲ್ಲಿ ಅವಳು ಇಂಥ ಶಿಸ್ತು ಕಂಡಿರಲಿಲ್ಲ. ಬದುಕಿರುವ ವೀರ್ಯಾಣು ತಲೆ ಆಡಿಸುತ್ತದೆ, ಬಾಲ ಬಡಿಯುತ್ತದೆ, ಪಕ್ಕದವನಿಗೆ ಡಿಕ್ಕಿ ಹೊಡೆಯುತ್ತದೆ, ತಪ್ಪು ದಾರಿ ಹಿಡಿದು ತಿರುಗುತ್ತದೆ. ಒಳ್ಳೆಯ ಹನಿ ಎಂದರೆ ಆಟದ ಗಂಟೆ ಹೊಡೆದ ಶಾಲೆಯ ಅಂಗಳ. ಇಲ್ಲಿ ಯಾರೂ ತಲೆ ಆಡಿಸುತ್ತಿರಲಿಲ್ಲ. ತೇಲುತ್ತಿದ್ದರು. ಎಲ್ಲರೂ ಕಿಟಕಿಯ ಕಡೆಗೆ.

ಕಿಟಕಿಯ ಕಡೆಗೆ. ಕಣ್ಣಕ್ಕ ತುರುಬಿನಿಂದ ಪೆನ್ಸಿಲ್ ತೆಗೆದು ಮೇಜಿನ ನಡುವೆ ಇಟ್ಟಳು. ಅದು ಒಂದು ಕ್ಷಣ ಯೋಚಿಸಿ, ಉರುಳಿ, ಕಿಟಕಿಯ ಕಡೆಯಿಂದ ಬಿತ್ತು. ಮತ್ತೆ ಇಟ್ಟಳು, ಮತ್ತೆ ಬಿತ್ತು. ಕೊಡದಿಂದ ಒಂದು ಲೋಟ ನೀರು ತಂದು ಬಾಗಿಲ ಹತ್ತಿರ ನೆಲಕ್ಕೆ ಚೆಲ್ಲಿದಳು. ನೀರು ಹೊಸ ಮೇಜಿನ ಕಾಲುಗಳ ನಡುವೆ ಹಾದು, ಅಡ್ಡದಾರಿ ಹಿಡಿಯದೆ, ಕಿಟಕಿಯ ಕೆಳಗೆ ಗೋಡೆಯ ಬುಡದಲ್ಲಿದ್ದ ಹಳೆಯ ತೂತಿನ ಬಾಯಿಗೆ ಹೋಗಿ ಸೇರಿತು. ತೊಳೆಯುವ ಕೋಣೆ. ಸಾಬೂನಿನ ನೀರು ಹರಿದುಹೋಗಲಿ ಎಂದು ಕಟ್ಟಿದವರು ನೆಲವನ್ನು ಇಳಿಜಾರು ಮಾಡಿದ್ದರು. ಗೋಡೆಗೆ ಬಣ್ಣ ಬಂದಿತ್ತು, ಕಿಟಕಿಗೆ ಹೊಳಪು ಬಂದಿತ್ತು, ನೆಲವನ್ನು ಯಾರೂ ಮುಟ್ಟಿರಲಿಲ್ಲ. ಇಳಿಜಾರಿನ ಮೇಲೆ ಮೇಜು, ಮೇಜಿನ ಮೇಲೆ ಅಳಿಯ, ಅಳಿಯನ ಬಾಯಲ್ಲಿ ಗಾಜಿನ ಪಟ್ಟಿ, ಪಟ್ಟಿಯ ಮೇಲೆ ಹನಿ. ಹನಿ ಮೆಲ್ಲಗೆ ಚರಂಡಿಯ ಕಡೆಗೆ ಜಾರುತ್ತಿತ್ತು. ಅದರೊಳಗಿನ ಹೆಣಗಳನ್ನು ಅಳಿಯ ಈಜುಗಾರರೆಂದು ಎಣಿಸುತ್ತಿದ್ದ. ಹಳೆಯ ಸೂಕ್ಷ್ಮದರ್ಶಕ ಕೂತದ್ದು ಪಕ್ಕದ ಕೋಣೆಯ ಗೋಡೆಗೆ ಸೇರಿಸಿ ಕಟ್ಟಿದ ಕಲ್ಲುಚಪ್ಪಡಿಯ ಮೇಲೆ. ಅಲ್ಲಿ ಪೆನ್ಸಿಲ್ಲು ಇಟ್ಟಲ್ಲೇ ಇರುತ್ತಿತ್ತು.

ಅಂಕಿ ಅಂಶ ಎನ್ನುತ್ತಾರೆ. ನಾಲ್ಕು ತಿಂಗಳು ಅಂಕಿ ಇತ್ತು, ಅಂಶ ಇರಲಿಲ್ಲ.

ಅವಳು ಓಡಿಹೋಗಿ ಯಾರಿಗೂ ಹೇಳಲಿಲ್ಲ. ನಿರ್ದೇಶಕರಿಗೆ ಹೇಳಿದರೆ ಗುರುವಾರದ ತನಕ ಮೇಜಿನ ಕಾಲಿಗೆ ಏನಾದರೂ ಕೊಟ್ಟು, ಶುಕ್ರವಾರ ಮರೆಯುತ್ತಾರೆ. ನಾಲ್ಕು ತಿಂಗಳ ಸ್ಟ್ರಾಗಳು ಹಾಗೆಯೇ ಹಳ್ಳಿಗಳಿಗೆ ಹೋಗುತ್ತವೆ. ಮೈದುನನಿಗೆ ಹೇಳಬೇಕೆನಿಸಿತು. ಅವನು ಬೆಳಗ್ಗೆಯಿಂದ ಕಿಂಡಿಯಲ್ಲಿ ಮುಖ ತೋರಿಸದೆ, ಬರೀ ಕೈ ತೂರಿಸಿ ಕೊಳವೆ ಇಟ್ಟುಹೋಗುತ್ತಿದ್ದ. ಅವಳು ಕೋಟಿನ ಜೇಬು ಮುಟ್ಟಿ ನೋಡಿಕೊಂಡಳು. ಗುಲಾಬಿ ಕಡ್ಡಿ ಅಲ್ಲೇ ಇತ್ತು.

*

ಗುರುವಾರ ಮೂವರು ಬಂದರು. ಇಬ್ಬರು ಗಂಡಸರು ಕಾಗದ ಹಿಡಿದವರು. ಮೂರನೆಯವರು ಹಿರಿಯ ಪಶುವೈದ್ಯೆ, ಸಣಕಲು ಮುದುಕಿ, ಮಂಡಿನೋವು. ಹೋರಿಗಳ ವೃಷಣದ ಸುತ್ತಳತೆಯನ್ನು ತಾವೇ ಟೇಪು ಹಿಡಿದು ಅಳೆದರು, ಗೊರಸು ಎತ್ತಿಸಿ ನೋಡಿದರು, ಸಗಣಿಯನ್ನು ಕೋಲಿನಲ್ಲಿ ಕೆದಕಿದರು. ಭೂಪನ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತು, "ಏನಪ್ಪ, ಸೊರಗಿದೀಯಲ್ಲ," ಎಂದು ಹೋರಿಗೇ ಹೇಳಿದರು. ಮೂಗುದಾರ ಭೂಪನ ಪಕ್ಕೆಯನ್ನು ಕೈಯಿಂದ ಸವರಿದ.

"ಒಟ್ಟಾರೆ ಹೇಳೋದಾದ್ರೆ ಮೇಡಂ, ಇವತ್ತು ಇವನ ಒಂದು ಲಕ್ಷನೇ ಸ್ಟ್ರಾ," ಅಂದರು ನಿರ್ದೇಶಕರು. ಲಕ್ಷದ ಮೇಲೆ ಲಕ್ಷ್ಯವಿಟ್ಟವರಿಗೆ ಪಕ್ಕೆಲುಬು ಕಾಣುವುದು ಕಡಿಮೆ. "ಮೊದಲು ಯಂತ್ರ ನೋಡೋಣ, ಆಮೇಲೆ ತಮ್ಮೆದುರಿಗೇ ಹತ್ತಿಸ್ತೀವಿ."

ಮೂಲೆಕೋಣೆಯಲ್ಲಿ ಎಲ್ಲರೂ ಅಳಿಯನ ಸುತ್ತ ನಿಂತರು. ಹೋರಿ ಸದ್ಯಕ್ಕೆ ಬೇಡವಾದ್ದರಿಂದ ಮೂಗುದಾರನೂ ಬಾಗಿಲ ಹತ್ತಿರ ಬಂದು ನಿಂತ.

"ನಮ್ಮ ಹಿರಿಯ ಸಿಬ್ಬಂದಿ ತೋರಿಸ್ತಾರೆ," ಎಂದು ನಿರ್ದೇಶಕರು ಕಣ್ಣಕ್ಕನ ಕಡೆ ನೋಡಿದ ನೋಟದಲ್ಲಿ ಮೇವಿನ ಉಗ್ರಾಣ ಪೂರ್ತಿ ಇತ್ತು.

ಕಣ್ಣಕ್ಕ ಜೇಬಿನಿಂದ ಗುಲಾಬಿ ಸ್ಟ್ರಾ ತೆಗೆದಳು. ಯಾರೂ ಗಮನಿಸಲಿಲ್ಲ, ಪೆನ್ನು ತೆಗೆದಷ್ಟೇ ಸಹಜವಾಗಿತ್ತು. ತುದಿ ಕತ್ತರಿಸಿ, ಹನಿ ಹಾಕಿ, ಗಾಜು ಮುಚ್ಚಿ, ಅಳಿಯನ ಬಾಯಿಗಿಟ್ಟಳು. ಹಸಿರು ಗೆರೆಗಳು ಸಾಲುಸಾಲಾಗಿ ಹೊರಟವು.

ಟಿಂಯ್.

"ಎಪ್ಪತ್ತೊಂದು!" ಅಂದರು ನಿರ್ದೇಶಕರು. ಕಾಗದದವರಿಬ್ಬರೂ ಬರೆದುಕೊಂಡರು. "ಅದರಲ್ಲೂ ನೆಟ್ಟಗೆ ಈಜುವವು ಎಷ್ಟು ನೋಡಿ ಮೇಡಂ! ಅರವತ್ತಾರು! ಇಂಥ ಗುಣಮಟ್ಟ..."

"ಸರ್, ಅದು ಸತ್ತಿದೆ," ಅಂದಳು ಕಣ್ಣಕ್ಕ.

"ಏನು?"

"ಅದು ಮೂರು ದಿನದಿಂದ ನನ್ನ ಕೋಟಿನ ಜೇಬಲ್ಲಿತ್ತು. ಬಿಸಿಲಲ್ಲಿ ಓಡಾಡಿದೆ, ಅಡುಗೆಮನೆ ಮೊಳೆಗೆ ನೇತುಹಾಕಿದೀನಿ, ನಿನ್ನೆ ಕೋಟು ಇಸ್ತ್ರಿ ಮಾಡ್ಬೇಕಾದ್ರೆ ಮಾತ್ರ ತೆಗೆದಿಟ್ಟಿದ್ದೆ. ಅದರಲ್ಲಿ ಒಂದೇ ಒಂದು ಉಸಿರಾಡ್ತಿದ್ರೂ ನಾನು ಉಗ್ರಾಣಕ್ಕೆ ಈಗಲೇ ಹೋಗ್ತೀನಿ."

ಹಿರಿಯ ವೈದ್ಯೆ ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

"ಇವೆಲ್ಲ ಒಂದೇ ಕಡೆ ಹೋಗ್ತಿವೆಯಲ್ಲಮ್ಮ?"

"ಹೊಳೆಯಲ್ಲಿ ಕೊಚ್ಕೊಂಡು ಹೋಗೋ ಹೆಣ ಅಡ್ಡಾದಿಡ್ಡಿ ಹೋಗಲ್ಲ ಮೇಡಂ. ನೆಟ್ಟಗೇ ಹೋಗುತ್ತೆ." ಕಣ್ಣಕ್ಕ ಪೆನ್ಸಿಲನ್ನು ಮೇಜಿನ ಮೇಲಿಟ್ಟಳು. ಐದು ಜನ ಅದು ಉರುಳುವುದನ್ನು ನೋಡಿದರು. ಅದು ಮುದುಕಿಯ ಕಾಲ ಬಳಿ ಬಿತ್ತು. "ಇದು ತೊಳೆಯೋ ಕೋಣೆ. ನೆಲ ಚರಂಡಿ ಕಡೆ ಇಳಿಜಾರು. ಪಕ್ಕದ ಕೋಣೇಲಿ ಚಪ್ಪಡಿ ಮೇಲೆ ಹಳೇ ಸೂಕ್ಷ್ಮದರ್ಶಕ ಇದೆ, ಇದೇ ಸ್ಟ್ರಾದ ಇನ್ನೊಂದು ಹನಿ ಅಲ್ಲಿ ನೋಡಿ."

ಮುದುಕಿ ಮಂಡಿ ಹಿಡಿದುಕೊಂಡು ಪಕ್ಕದ ಕೋಣೆಗೆ ಹೋದರು. ಬಹಳ ಹೊತ್ತು ನೋಡಲಿಲ್ಲ. ಹಿಂದಿರುಗಿ, ಬರೆದುಕೊಂಡವರಿಬ್ಬರ ಕಡೆ ಕೈ ಚಾಚಿ, "ಆ ಎಪ್ಪತ್ತೊಂದನ್ನ ಹೊಡೆದುಹಾಕಿ," ಎಂದರು.

"ಮೇಡಂ, ಇದು ಪಿತೂರಿ!" ನಿರ್ದೇಶಕರ ದನಿಯಲ್ಲಿ ಒಟ್ಟಾರೆ ಎಂಬುದು ಕಳಚಿಬಿದ್ದಿತ್ತು. "ಈ ನಾಲ್ಕು ತಿಂಗಳೂ ಸಹಿ ಹಾಕಿದ್ದು ಇವರೇ. ರಿಜಿಸ್ಟರ್ ತೆಗೆದು ನೋಡಿ!"

"ನೋಡಿ ಮೇಡಂ," ಅಂದಳು ಕಣ್ಣಕ್ಕ. ರಿಜಿಸ್ಟರನ್ನು ತಾನೇ ತಂದು ಬಿಚ್ಚಿಟ್ಟಳು. "ಭೂಪನದೇ ಅರವತ್ತು ಚಿಲ್ಲರೆ ಸಹಿ. ಎಲ್ಲ ನಂದೇ. ನೋಡದೆ ಹಾಕಿದ್ದು. ಅದಕ್ಕೆ ಏನು ಶಿಕ್ಷೆಯೋ ಕೊಡಿ. ಅರವತ್ತು ಸಲ ತಪ್ಪು ಮಾಡಿದ್ದೀನಿ ಅಂತ ಅರವತ್ತೊಂದನೇದೂ ಮಾಡು ಅಂದ್ರೆ ಆಗಲ್ಲ."

ಬಾಗಿಲ ಹತ್ತಿರ ಮೂಗುದಾರ ನಿಂತಿದ್ದ. ಅಳಿಯ ಟಿಂಯ್ ಎಂದಾಗ ಅವನ ತುಟಿ ಅಭ್ಯಾಸಬಲದಿಂದ ಅಣಕಕ್ಕೆ ಸಿದ್ಧವಾಗಿತ್ತು. ಸಿದ್ಧವಾದ ತುಟಿ ಹಾಗೆಯೇ ಉಳಿಯಿತು. ಅವನು ಪರದೆಯ ಮೇಲಿನ ಎಪ್ಪತ್ತೊಂದನ್ನು ನೋಡುತ್ತಿದ್ದ. ದಿನವೂ ಕಿಂಡಿಯಲ್ಲಿ ಕೇಳಿಸಿಕೊಂಡ ಅರವತ್ತೈದು, ಅರವತ್ತೆಂಟು, ಅರವತ್ತೇಳುಗಳನ್ನು ನೆನೆಯುತ್ತಿದ್ದನೋ ಏನೋ, ಬೆರಳು ಮಡಚುತ್ತಿದ್ದ.

"ಆಯ್ತು, ಆಯ್ತು," ಎಂದು ನಿರ್ದೇಶಕರು ಬೆವರೊರೆಸಿಕೊಂಡರು. "ಯಂತ್ರದ ವಿಷಯ ಆಮೇಲೆ. ತಾಜಾ ಮಾಲೇ ನೋಡಿಬಿಡೋಣ, ಕಣ್ಣಲ್ಲೇ ನೋಡಲಿ. ಮೂಗುದಾರ, ಹೋಗಿ ಭೂಪನ್ನ ಹಿಡ್ಕೊಂಡು ಬಾ. ಹತ್ತಿಸು."

"ಇಲ್ಲ ಸರ್."

"ಏನಂದೆ?"

"ಇವತ್ತು ಅವನಿಗೆ ರಜೆ." ಮೂಗುದಾರ ಯಾರ ದನಿಯನ್ನೂ ತೆಗೆದಿರಲಿಲ್ಲ. ಅವನ ಸ್ವಂತ ದನಿ ಇಷ್ಟು ತೆಳುವಾಗಿದೆಯೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. "ನಿನ್ನೆ ಹತ್ತಿಸಿದೀನಿ, ಮೊನ್ನೆ ಹತ್ತಿಸಿದೀನಿ. ಹತ್ತೋಕೆ ಮುಂಚೆ ನನ್ನ ಮುಖ ನೋಡಿದ. ನಾನು ದಾರ ಜಗ್ಗಿದೆ. ಮೆಷಿನ್ನು ಚೆನ್ನಾಗಿದಾನೆ ಅಂತಿತ್ತು, ಅದಕ್ಕೆ ಜಗ್ಗಿದೆ."

"ನಿನ್ನ ಕೆಲಸ ಹೋಗುತ್ತೆ."

"ದಾರ ಇಗೋ ಸರ್." ಹೆಗಲ ಮೇಲಿದ್ದ ಹಗ್ಗದ ಸುರುಳಿ ತೆಗೆದು ಅವರ ಮುಂದೆ ಚಾಚಿದ. "ನೀವೇ ಹಿಡ್ಕೊಂಡು ಬನ್ನಿ. ಮೂಗಿನ ಎಡಗಡೆ ನಿಲ್ಬೇಡಿ, ತಿವೀತಾನೆ."

ನಿರ್ದೇಶಕರು ಹಗ್ಗ ತೆಗೆದುಕೊಳ್ಳಲಿಲ್ಲ. ಹಿರಿಯ ವೈದ್ಯೆಯ ಬಾಯಿಂದ ಕೆಮ್ಮಿನಂಥದ್ದೊಂದು ಬಂತು. ಕೆಮ್ಮೋ ನಗುವೋ ಹೇಳುವುದು ಕಷ್ಟ.

*

ಹಿರಿಯ ವೈದ್ಯೆ ಬರೆದಿಟ್ಟು ಹೋದದ್ದು ಒಂದೇ ಪುಟ. ನಾಲ್ಕು ತಿಂಗಳ ಸ್ಟ್ರಾಗಳೆಲ್ಲವನ್ನೂ ಕಣ್ಣಿನಿಂದ ಮತ್ತೆ ನೋಡುವುದು. ಭೂಪನದಷ್ಟೂ ನಾಶ. ಹಳ್ಳಿಗಳಿಗೆ ಹೋದದ್ದನ್ನು ವಾಪಸು ತರಿಸುವುದು. ಭೂಪನಿಗೆ ಮೂರು ತಿಂಗಳ ವಿಶ್ರಾಂತಿ, ಆಮೇಲೆ ಮತ್ತೆ ತೀರ್ಪು. ಅಲ್ಲಿಯ ತನಕ ಲಾರಿ ಇಲ್ಲ. ಆಮೇಲೆ ಏನೆಂದು ಬರೆದಿರಲಿಲ್ಲ.

ಶನಿವಾರ ಬೆಳಗ್ಗೆ ಕಣ್ಣಕ್ಕ ಹಾಲಿನವಳ ಕೊಟ್ಟಿಗೆಗೆ ತಾನೇ ಹೋದಳು. ಹಸು ಮೆಲುಕು ಹಾಕುತ್ತ ನಿಂತಿತ್ತು.

"ಬೈಯೋದಾದ್ರೆ ನನ್ನ ಬೈ," ಅಂದಳು. "ಮೂರೂ ಸತ್ತದ್ದು. ಸಹಿ ನಂದು."

ಹಾಲಿನವಳು ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದಳು. ಬೈಗುಳಗಳ ಪೈಕಿ ಯಾವುದು ಸರಿಹೋದೀತೆಂದು ಆರಿಸುತ್ತಿದ್ದ ಹಾಗಿತ್ತು.

"ಹಾಗಾದ್ರೆ ನನ್ನ ಹಸು ಬಂಜೆ ಅಲ್ಲ."

"ಅಲ್ಲ ಅಂತ ಹೇಳೋಕೆ ನಾನು ಯಾರು? ಆದ್ರೆ ಬಂಜೆ ಅಂತ ಹೇಳೋಕೆ ಆ ಸೂಜಿ ಅಣ್ಣನಿಗೂ ಹಕ್ಕಿಲ್ಲ. ಮುಂದಿನ ಸಲ ಬೆದೆಗೆ ಬಂದಾಗ ನಾನು ನೋಡಿ ಆರಿಸಿದ ಸ್ಟ್ರಾ ಹಾಕಿಸು."

"ನೋಡಿ ತಾನೇ?"

"ನೋಡಿ."

"ಹೂಂ," ಎಂದು ಅವಳು ಹಸುವಿನ ಬೆನ್ನು ತಟ್ಟಿದಳು, ಕಣ್ಣಕ್ಕನ ಬೆನ್ನಿಗೆ ಹಾಕಬೇಕಾದ ಏಟನ್ನೂ ಸೇರಿಸಿ, ಸ್ವಲ್ಪ ಜೋರಾಗಿಯೇ. "ಕಟುಕರು ಬಂದ್ರೆ ನಿಮ್ಮ ಕೇಂದ್ರಕ್ಕೆ ಕಳಿಸ್ತೀನಿ. ಅಲ್ಲೊಬ್ಬ ಅಳಿಯ ಇದಾನಂತಲ್ಲ, ಅವನನ್ನ ಹೊಡ್ಕೊಂಡು ಹೋಗ್ಲಿ."

ಸೋಮವಾರ ಹಿತ್ತಿಲ ಸಿಮೆಂಟು ಅಂಗಳದಲ್ಲಿ ಕಣ್ಣಕ್ಕನೂ ಮೂಗುದಾರನೂ ಭೂಪನ ಸ್ಟ್ರಾಗಳಿದ್ದ ಕ್ಯಾನುಗಳನ್ನು ಒಂದೊಂದಾಗಿ ಬಗ್ಗಿಸಿದರು. ಬಿಳಿ ಹೊಗೆ ನೆಲದ ಮೇಲೆ ಹರಿದು, ಅದರೊಳಗಿಂದ ಗುಲಾಬಿ ಸ್ಟ್ರಾಗಳು ಸಾವಿರ ಸಾವಿರವಾಗಿ ಕಿಲಕಿಲ ಸದ್ದು ಮಾಡುತ್ತ ಉದುರಿದವು. ಹೊಗೆ ಮರದಡಿ ಕಟ್ಟಿದ್ದ ಭೂಪನ ಗೊರಸಿನ ತನಕ ಹೋಯಿತು. ಅವನು ತಲೆ ತಗ್ಗಿಸಿ ಮೂಸಿ, ಒಮ್ಮೆ ಸೀನಿ, ಹುಲ್ಲಿನ ಕಡೆ ತಿರುಗಿಕೊಂಡ.

"ಉಗ್ರಾಣಕ್ಕೆ ಇವನನ್ನೇ ಹಾಕ್ಬಹುದು," ಅಂದ ಮೂಗುದಾರ. "ಸೀನೋಕೆ ಬರುತ್ತೆ." ಆರು ದಿನದ ಮೇಲೆ ಅವನು ಅತ್ತಿಗೆಯ ಜೊತೆ ಆಡಿದ ಮೊದಲ ಮಾತು ಅದು.

"ಮೂರು ತಿಂಗಳಾದ್ಮೇಲೂ ಏಳದಿದ್ರೆ?" ಎಂದು ಆಮೇಲೆ ಕೇಳಿದ, ಕ್ಯಾನಿನ ಒಳಗೆ ನೋಡುತ್ತ.

"ಏಳದಿದ್ರೆ ಏಳಲಿಲ್ಲ ಅಂತಲೇ ಬರೀತೀನಿ."

"ಗೊತ್ತು," ಅಂದ. "ಅದಕ್ಕೇ ಕೇಳಿದೆ."

ಮಧ್ಯಾಹ್ನ ಅವಳ ಮೇಜಿನ ಮೇಲೆ ಲಕೋಟೆಯೊಂದು ಕಾದಿತ್ತು. ಮೂಗುದಾರ ಕಿಂಡಿಯಲ್ಲಿ ಮುಖ ತೂರಿಸಿ, ಅದನ್ನು ಕೇಳಿ ಪಡೆದು, ಹೊಟ್ಟೆ ಮುಂದೆ ತಂದು ಓದಿದ. "'ಮಾನ್ಯ ಅತಿಥಿಗಳ ಸಮ್ಮುಖದಲ್ಲಿ, ನಿಯಮಬಾಹಿರವಾಗಿ, ಜೇಬಿನಲ್ಲಿಟ್ಟ ಮಾದರಿಯನ್ನು ಪ್ರದರ್ಶಿಸಿ, ಸಂಸ್ಥೆಯ ಘನತೆಗೆ ಕುಂದು ತಂದ ಬಗ್ಗೆ ಮೂರು ದಿನದೊಳಗೆ ಲಿಖಿತ ವಿವರಣೆ...' ನನಗೂ ಒಂದು ಬಂದಿದೆ ಅತ್ತಿಗೆ, ಆದ್ರೆ ನಂದು ಅರ್ಧ ಪುಟ. ನಿಮ್ಮದೇ ಘನತೆ ಜಾಸ್ತಿ. ಏನು ಬರೀತೀರ?"

"ಇಲ್ಲಿ ಕೊಡು."

ದಪ್ಪ ಕಾಗದ, ಕೇಂದ್ರದ ಮೊಹರು ಇದ್ದದ್ದು. ಕಣ್ಣಕ್ಕ ಅದನ್ನು ಎರಡಾಗಿ ಮಡಚಿದಳು, ನಾಲ್ಕಾಗಿ ಮಡಚಿದಳು, ಬೆರಳಲ್ಲಿ ದಪ್ಪ ನೋಡಿ ಎಂಟಾಗಿ ಮಡಚಿದಳು. ಅಳಿಯನ ಕೋಣೆಗೆ ಹೋಗಿ, ಮೊಣಕಾಲೂರಿ, ಕಿಟಕಿಯ ಕಡೆಯ ಮೇಜಿನ ಕಾಲನ್ನು ಒಂದು ಕೈಯಲ್ಲಿ ಎತ್ತಿ ಅಡಿಗೆ ಸೇರಿಸಿದಳು. ಒಂದು ಕೂದಲೆಳೆ ಸಾಲದೆ ಬಂತು. ಹಿಂದೆಯೇ ಬಂದಿದ್ದ ಮೂಗುದಾರ ಜೇಬಿನಿಂದ ತನ್ನ ಅರ್ಧ ಪುಟ ತೆಗೆದು, ಮಡಚಿ ಕೊಟ್ಟ.

ಅವಳು ಎದ್ದು, ಮಂಡಿಯ ಧೂಳು ಕೊಡವಿ, ತುರುಬಿನಿಂದ ಪೆನ್ಸಿಲ್ ತೆಗೆದು ಮೇಜಿನ ನಡುವೆ ಇಟ್ಟಳು. ಅದು ಒಮ್ಮೆ ಕಿಟಕಿಯ ಕಡೆ ಅಲುಗಿತು. ಒಮ್ಮೆ ಬಾಗಿಲ ಕಡೆ ಅಲುಗಿತು. ಆಮೇಲೆ ನಿಂತಿತು, ನೀಲಿ ತುದಿ ಅವನ ಕಡೆಗೆ, ಕೆಂಪು ತುದಿ ಅವಳ ಕಡೆಗೆ.